ಮನೇಲಿ ಇರೋರನ್ನ ಕೇಳಿ ಏರಿಯಾ ಹುಡುಕ್ರಪ್ಪಾ

ನಿನ್ನೆ ಸಂಜೆಯಿಂದ ಮನಸ್ಸಿಗೆ ಸಮಾಧಾನ ಇಲ್ಲ, ಬರೆದೇ ಬಿಡ್ತೀನಿ. ನಮ್ಮನೆಯವರ ಆಫೀಸಿಗೆ ಹೊಸದಾಗಿ ಸೇರಿರೋ ಹುಡುಗ, ಹೆಂಡ್ತಿ ಮತ್ತೆ ಹತ್ತು ತಿಂಗಳ ಪಾಪೂನ ಕರ್ಕೊಂಡು ಬಂದಿದ್ದ. ಲಂಡನ್ನಿಗೆ ಬಂದು ಮೂರು ವಾರ ಆಗಿದೆ, ಕಂಪನಿ ಕೊಟ್ಟಿರೋ ಫ್ಲಾಟು ತಿಂಗಳ ಕೊನೆಗೆ ಖಾಲಿ ಮಾಡ್ಬೇಕು. ಫೋನ್ ತೆಗ್ದು ತೋರ್ಸಿದ. "ಅಕ್ಕಾ, ಕ್ಯಾನರಿ ವಾರ್ಫಲ್ಲಿ ನಮ್ಮಾಫೀಸಿಗೆ ನಡ್ಕೊಂಡು ಒಂಬತ್ತು ನಿಮಿಷ, 22ನೇ ಮಹಡಿ, ಕೆಳಗಡೆ ಜಿಮ್ಮು, ನದಿ ಕಾಣತ್ತೆ. ಬೇರೆಯವರಿಗೆ ಹೋಗದ ಹಾಗೆ ಈ ವಾರಾನೇ ಹೋಲ್ಡಿಂಗ್ ಡೆಪಾಸಿಟ್ ಕಟ್ಬಿಡ್ತೀನಿ." ಆ ಹುಡುಗಿ ಪಾಪೂಗೆ ಕಾಲುಚೀಲ ಹಾಕ್ತಾ ಕೂತಿದ್ಲು. ನಿಂಗೆ ಇಷ್ಟ ಆಯ್ತೇನಮ್ಮಾ ಅಂತ ಕೇಳ್ದೆ. "ನಾನಿನ್ನೂ ನೋಡಿಲ್ಲಕ್ಕ, ಇವ್ರಿಗೆ ಆಫೀಸ್ ಹತ್ರ ಆದ್ರೆ ಸಾಕು" ಅಂದ್ಲು.

ನೋಡೇ ಇಲ್ಲ! ಅವನು ಆ ಏರಿಯಾದಲ್ಲಿ ರಾತ್ರಿ ಮಲಗಕ್ಕೆ ಇರ್ತಾನೆ ಅಷ್ಟೆ, ಬೆಳಗ್ಗೆ ಎದ್ದು ಹೋದ್ರೆ ಕತ್ತಲಾದ ಮೇಲೆ ಬರೋದು. ಇಡೀ ದಿನ ಆ ಬೀದೀಲಿ ಬದುಕಬೇಕಾಗಿರೋಳು ಅವಳು. ಆದ್ರೂ ಲೆಕ್ಕ ಹಾಕೋದೆಲ್ಲ ಅವನ ಆಫೀಸಿಂದ ಎಷ್ಟು ದೂರ ಅಂತಾನೇ. ಇದೇ ನಂಗೆ ಹೊಟ್ಟೆ ಉರಿಯೋ ವಿಷ್ಯ, ಇಲ್ಲಿ ಬರೋ ಹತ್ತು ಸಂಸಾರದಲ್ಲಿ ಎಂಟು ಹಿಂಗೇ ಮಾಡೋದನ್ನ ಕಣ್ಣಾರೆ ನೋಡ್ತಿದೀನಿ.

ನನ್ನ ಕಥೆ ಹಳಬರಿಗೆಲ್ಲ ಗೊತ್ತು, ಆದ್ರೆ ಈ ಭಾಗ ಯಾರಿಗೂ ಹೇಳಿರ್ಲಿಲ್ಲ. 2014ರ ಅಕ್ಟೋಬರಲ್ಲಿ ಎಂಟು ತಿಂಗಳ ಮಗ ಮತ್ತೆ ಗಂಡನ ಕೆಲಸದ ಮೇಲೆ ಸಿಕ್ಕ ಡಿಪೆಂಡೆಂಟ್ ವೀಸಾ ಹಿಡ್ಕೊಂಡು ನಾನು ಬಂದು ಇಳ್ದಿದ್ದೂ ಅಂಥದ್ದೇ ಗಾಜಿನ ಬಿಲ್ಡಿಂಗಿಗೆ, ಇವರ ಆಫೀಸಿಗೆ ಹತ್ತು ನಿಮಿಷ. ಡಿಸೆಂಬರ್ ಬಂತು, ಮಧ್ಯಾಹ್ನ ನಾಲ್ಕು ಗಂಟೆ ಒಳಗೆ ಸೂರ್ಯ ಮುಳುಗೋ ದಿನಗಳು. ಎದುರಿನ ಟವರಲ್ಲಿ ಯಾವ ಕಿಟಕೀಲಿ ಲೈಟ್ ಹತ್ತತ್ತೆ ಅಂತ ನೋಡ್ತಾ ಕೂರ್ತಿದ್ದೆ, ಏಳು ಗಂಟೆವರೆಗೂ ಬಹಳಷ್ಟು ಕತ್ತಲೇ. ಎಲ್ರೂ ಆಫೀಸಿಗೆ ಹೋಗೋರು, ಹಗಲು ಹೊತ್ತು ಬಾಗಿಲು ತೆಗೆಯೋ ಮನೇನೇ ಇರ್ಲಿಲ್ಲ. ಇಡೀ ದಿನ ನಾನು ದೊಡ್ಡೋರ ಜೊತೆ ಮಾತಾಡ್ತಿದ್ದಿದ್ದು ಅಂದ್ರೆ ಕೆಳಗಡೆ ಡೆಸ್ಕಲ್ಲಿ ಪಾರ್ಸೆಲ್ ಕೊಡೋ ಆಸಾಮಿ ಒಬ್ಬರ ಜೊತೆ. ಮೂರು ಪಾರ್ಸೆಲ್ ಒಟ್ಟಿಗೆ ಬಂದಿದ್ರೂ ಒಂದೊಂದೇ ತರಕ್ಕೆ ಮೂರು ಸಲ ಲಿಫ್ಟಲ್ಲಿ ಇಳೀತಿದ್ದೆ, ಯಾಕಂದ್ರೆ ಪ್ರತಿ ಸಲ ಆಯಪ್ಪ ಮಗೂನ ನೋಡಿ ನಕ್ಕು "ಹೇಗಿದೀರಾ" ಅಂತ ಕೇಳೋರು. ಇದು ನಮ್ಮನೆಯವರಿಗೆ ಎಷ್ಟೋ ವರ್ಷ ಗೊತ್ತಿರ್ಲಿಲ್ಲ. ಹೇಳಿದ ದಿನ ಅವರು ಅತ್ತುಬಿಟ್ರು.

ಹೊರಗೆ ಹೋಗ್ಬಹುದಿತ್ತಲ್ಲ ಅಂತೀರಿ. ಹೋದೆ. ಆಗ ನಾವಿದ್ದ ಕಡೆ ಓಡೋ ಡಿಎಲ್‌ಆರ್ ಅನ್ನೋ ಲೋಕಲ್ ರೈಲಲ್ಲಿ ತೊಂದರೆ ಇಲ್ಲ, ಎಲ್ಲಾ ಸ್ಟೇಷನ್ನಲ್ಲೂ ಮೆಟ್ಟಿಲಿಲ್ಲದೆ ಹೋಗ್ಬಹುದು. ಆದ್ರೆ ಟ್ಯೂಬ್, ಅಂದ್ರೆ ಲಂಡನ್ನಿನ ಮೆಟ್ರೋ, ಹಾಗಲ್ಲ, 272 ಸ್ಟೇಷನ್ನಲ್ಲಿ ಇವತ್ತಿಗೂ ಹೆಚ್ಚುಕಮ್ಮಿ ಮೂರನೇ ಒಂದು ಭಾಗದಲ್ಲಿ ಮಾತ್ರ ಮೆಟ್ಟಿಲು ಹತ್ತದೆ ಪ್ಲಾಟ್‌ಫಾರ್ಮಿಗೆ ಹೋಗಕ್ಕಾಗೋದು. ಮೊದಲನೇ ಸಲ ಹೋದಾಗ ಹತ್ತಿದ ಕಡೆ ಲಿಫ್ಟ್ ಇತ್ತು, ಇಳಿದ ಕಡೆ ಇರ್ಲಿಲ್ಲ. ಬಗ್ಗಿ (ಮಗೂನ ಕೂರಿಸಿ ತಳ್ಳೋ ಗಾಡಿ), ಮಗು, ಡೈಪರ್ ಬ್ಯಾಗು, ಎದುರಿಗೆ ಮೆಟ್ಟಿಲು. ಜನ ಪಕ್ಕದಲ್ಲಿ ಹತ್ತಿ ಹೋಗ್ತಾನೇ ಇದ್ರು, ಕೊನೆಗೆ ಇಬ್ಬರು ಕಾಲೇಜು ಹುಡುಗೀರು ಮುಂದಿನ ಚಕ್ರ ಹಿಡ್ಕೊಂಡು ಮೇಲೆ ತಂದುಕೊಟ್ರು. ಅದಾದ್ಮೇಲೆ ಎರಡು ತಿಂಗಳು ನಾನು ಟ್ಯೂಬ್ ಹತ್ಲಿಲ್ಲ. ಆಫೀಸಿಗೆ ಬ್ಯಾಕ್‌ಪ್ಯಾಕ್ ಹಾಕ್ಕೊಂಡು ಎಸ್ಕಲೇಟರಲ್ಲಿ ಓಡೋರಿಗೆ ಈ ಮೆಟ್ಟಿಲು ಕಣ್ಣಿಗೇ ಬೀಳಲ್ಲ, ಅದಕ್ಕೇ ಹೇಳ್ತಿರೋದು, ಏರಿಯಾನ ಬಗ್ಗಿ ತಳ್ಕೊಂಡು ಹೋಗಿ ನೋಡ್ಬೇಕು.

12 ತಿಂಗಳ ಕಾಂಟ್ರಾಕ್ಟ್ ಮುಗಿಯೋದನ್ನೇ ಕಾಯ್ತಿದ್ದು ಹ್ಯಾರೋಗೆ ಬಂದ್ವಿ. ರೈಲು ಟಿಕೆಟ್ಟಿನ ಲೆಕ್ಕದಲ್ಲಿ ಐದನೇ ಜೋನು, ಅಂದ್ರೆ ಊರ ನಡುವಿಂದ ದೂರ, ಹಳೇ ಮನೆ, ಕಾರ್ಪೆಟ್ ಚೆನ್ನಾಗಿರ್ಲಿಲ್ಲ, ನದಿಯಂತೂ ಇಲ್ವೇ ಇಲ್ಲ. ಆದ್ರೆ ಬಗ್ಗಿ ತಳ್ಕೊಂಡು ನಾಲ್ಕು ನಿಮಿಷಕ್ಕೆ ಜಿಪಿ ಸರ್ಜರಿ (ಇಲ್ಲಿ ಡಾಕ್ಟರ ಕ್ಲಿನಿಕ್ಕಿಗೆ ಹಾಗಂತಾರೆ), ಆರು ನಿಮಿಷಕ್ಕೆ ಪಾರ್ಕು, ಅದರಾಚೆ ಲೈಬ್ರರಿ. ವಾರಕ್ಕೊಂದು ಬೆಳಗ್ಗೆ ಅಲ್ಲಿ ಪುಟ್ಟ ಮಕ್ಕಳಿಗೆ ಹಾಡು ಹೇಳ್ಕೊಡ್ತಾರೆ, ದುಡ್ಡಿಲ್ಲ, ಬುಕಿಂಗ್ ಇಲ್ಲ. ಮೊದಲನೇ ದಿನ ಹೋದಾಗ ಬಾಗಿಲ ಹತ್ರ ಹನ್ನೊಂದು ಬಗ್ಗಿ ಸಾಲಾಗಿ ನಿಂತಿದ್ವು. ಎಣಿಸಿದ್ದೆ ನಾನು. ಜಾಫ್ನಾ ಕಡೆಯ ಅಜ್ಜಿಯೊಬ್ಬರು ಮೊಮ್ಮಗಳನ್ನ ಕರ್ಕೊಂಡು ಬಂದಿದ್ರು, ಪಕ್ಕ ಸರಿದು ನಂಗೆ ಚಾಪೆ ಮೇಲೆ ಜಾಗ ಕೊಟ್ರು. ಈಗಲೂ ನಮ್ಮನೆಯ ಇನ್ನೊಂದು ಬೀಗದ ಕೈ ಅವರ ಹತ್ರಾನೇ ಇರೋದು.

ಇದನ್ನ ಹೇಳಿದ್ರೆ ತಕ್ಷಣ ಒಂದು ಮಾತು ಬರತ್ತೆ, "ಹಾಗಾದ್ರೆ ನಮ್ಮ ಜನ ಇರೋ ಕಡೆ ಹೋಗ್ಬೇಕು ಅಂತೀರಾ, ಈಸ್ಟ್ ಹ್ಯಾಮ್, ಹೌನ್ಸ್ಲೋ?" ಅಲ್ಲಪ್ಪಾ. ನಮ್ಮ ಜನ ಭಾನುವಾರಕ್ಕೆ ಬೇಕು, ಸಿಗ್ತಾರೆ, ಎಲ್ಲಿದ್ರೂ ಸಿಗ್ತಾರೆ. ಲ್ಯಾಂಬೆತ್‌ನಲ್ಲಿ ಥೇಮ್ಸ್ ದಂಡೆ ಮೇಲೆ 2015ರಲ್ಲಿ ಬಸವಣ್ಣನವರ ಪ್ರತಿಮೆ ಆಯ್ತಲ್ಲ, ಅಲ್ಲಿಗೆ ಎಷ್ಟೋ ಸಲ ಒಂದಿಪ್ಪತ್ತು ಜನ ಸೇರ್ಕೊಂಡು ಹೋಗಿದೀವಿ, ಫೋಟೋ ತೆಗ್ಸಿಕೊಂಡು ನಕ್ಕು ಬಂದಿದೀವಿ. ಆದ್ರೆ ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಮಗೂಗೆ ಜ್ವರ ಬಂದಾಗ ಬಾಗಿಲು ತಟ್ಟೋಕೆ ಒಂದು ಮನೆ ಬೇಕು, ಆ ಮನೆಯವರು ಯಾವ ಭಾಷೆ ಮಾತಾಡಿದ್ರೂ ನಡೆಯತ್ತೆ.

ಇನ್ನೊಂದು ಮಾತು ಗಂಡಸರದ್ದು. ದುಡಿಯೋನು ದಿನಾ ಎರಡು ಗಂಟೆ ರೈಲಲ್ಲಿ ಸಾಯ್ಬೇಕಾ? ಸುಸ್ತಾಗತ್ತೆ, ಒಪ್ತೀನಿ. ನಮ್ಮನೆಯವರು ಮೆಟ್ರೋಪಾಲಿಟನ್ ಲೈನ್ ಹತ್ತಿ ವೆಂಬ್ಲಿ ಪಾರ್ಕಲ್ಲಿ ಜೂಬಿಲಿ ಲೈನಿಗೆ ಬದಲಾಯಿಸ್ಕೊಂಡು ಹೋಗ್ತಾರೆ, ಹತ್ತಿರ ಹತ್ತಿರ ಒಂದು ಗಂಟೆ. ಆದ್ರೆ ರೈಲಿನ ಸುಸ್ತು ಇಳಿದ ಮೇಲೆ ಹೋಗತ್ತೆ, ಆಫೀಸಲ್ಲಿ ಹೆಸರು ಹಿಡಿದು ಕರೆಯೋರು ಇರ್ತಾರೆ, ಕಾಫಿಗೆ ಬಾ ಅನ್ನೋರು ಇರ್ತಾರೆ. ಒಂಟಿಯಾಗಿ ಮನೇಲಿ ಕೂತಿರೋಳಿಗೆ ಇಳಿಯೋ ಸ್ಟೇಷನ್ನೇ ಇರಲ್ಲ ಕಣ್ರೀ. ಒಬ್ಬರೇ ಇರೋ ಹುಡುಗರು ಆಫೀಸ್ ಪಕ್ಕಾನೇ ಇರ್ಲಿ, ಅವರ ಬಗ್ಗೆ ನಾನು ಹೇಳ್ತಿಲ್ಲ.

ಸ್ಕೂಲಿನ ವಿಷ್ಯಾನೂ ಈಗಲೇ ಹೇಳ್ಬಿಡ್ತೀನಿ. ಮಗು ಹತ್ತು ತಿಂಗಳದ್ದು, ಸ್ಕೂಲಿಗೆ ಇನ್ನೂ ಟೈಮಿದೆ ಅಂತ ಅವನಂದ. ಇಲ್ಲಿ ನಾಲ್ಕು ತುಂಬಿದ ಮಕ್ಕಳು ಸೆಪ್ಟೆಂಬರಿಗೆ ರಿಸೆಪ್ಷನ್ (ಸ್ಕೂಲಿನ ಮೊಟ್ಟಮೊದಲ ವರ್ಷ) ಸೇರ್ತಾರೆ, ಅದಕ್ಕೆ ಅದೇ ವರ್ಷ ಜನವರಿ 15ರೊಳಗೆ ಅರ್ಜಿ ಹಾಕ್ಬೇಕು, ಏಪ್ರಿಲ್ 16ಕ್ಕೆ ಯಾವ ಸ್ಕೂಲು ಅಂತ ಹೇಳ್ತಾರೆ. ಸುಮಾರು ಸ್ಕೂಲುಗಳಲ್ಲಿ ಸೀಟು ಸಿಗೋದು ಮನೆಯಿಂದ ಎಷ್ಟು ದೂರ ಅನ್ನೋದ್ರ ಮೇಲೆ. ಹೋದ ವರ್ಷ ಎಷ್ಟು ದೂರದವರೆಗೆ ಸೀಟು ಹೋಯ್ತು ಅಂತ ಕೌನ್ಸಿಲ್, ಅಂದ್ರೆ ಆ ಏರಿಯಾದ ಮುನಿಸಿಪಾಲಿಟಿ, ಹಾಕಿರತ್ತೆ, ಮನೆ ನೋಡೋ ಮುಂಚೆ ಅದನ್ನ ತೆಗ್ದು ನೋಡಿ. ಇಲ್ಲಿ ಗೆಳೆತನ ಬೆಳೆಯೋದೇ ಮಧ್ಯಾಹ್ನ ಮೂರೂಕಾಲಕ್ಕೆ ಸ್ಕೂಲ್ ಗೇಟ್ ಹತ್ರ.

ನಿನ್ನೆ ರಾತ್ರಿ ನಿದ್ದೆ ಬರ್ಲಿಲ್ಲ, ಬೆಳಗ್ಗೆ ಎದ್ದು ಆ ಹುಡುಗಿಗೇ ಫೋನ್ ಮಾಡ್ದೆ. ಹನ್ನೊಂದು ಗಂಟೆಗೆ ಅವಳು ಬಗ್ಗಿ ತಳ್ಕೊಂಡು ಬಂದ್ಲು, ಇಬ್ಬರೂ ನಮ್ಮ ಏರಿಯಾ ಪೂರ್ತಿ ನಡೆದ್ವಿ. ಲೈಬ್ರರಿ ಮುಂದೆ ಬಗ್ಗಿಗಳ ಸಾಲು ನೋಡಿ ನಿಂತ್ಬಿಟ್ಲು. "ಅಕ್ಕಾ, ಇದಕ್ಕೆ ಯಾರು ಬೇಕಾದ್ರೂ ಬರ್ಬಹುದಾ?" ಅಂದ್ಲು. ಒಳಗೆ ಹೋಗಿ ಅರ್ಧ ಗಂಟೆ ಕೂತಿದ್ವಿ, ಪಾಪು ಪಕ್ಕದ ಮಗುವಿನ ಗಿಲಕಿ ಕಿತ್ಕೊಂಡು ಬಾಯಿಗೆ ಹಾಕ್ಕೊಳ್ತು. ಅವನಿಗೂ ಮೆಸೇಜ್ ಹಾಕಿದೀನಿ. ಗುರುವಾರದವರೆಗೆ ದುಡ್ಡು ಕಟ್ಬೇಡ ಕಣಪ್ಪಾ, ನಾಳೆ ಬೆಳಗ್ಗೆ ಏಳೂವರೆಗೆ ಹ್ಯಾರೋ ಸ್ಟೇಷನ್ನಿಗೆ ಬಾ, ನಮ್ಮನೆಯವರ ಜೊತೆ ಒಂದ್ಸಲ ಆಫೀಸಿಗೆ ಹೋಗಿ ನೋಡು ಅಂತ. ಇನ್ನೂ ಉತ್ತರ ಬಂದಿಲ್ಲ. ಅವಳು ಮಾತ್ರ ಆಗ್ಲೇ ಎರಡು ಸಲ ಫೋನ್ ಮಾಡಿದಾಳೆ, ಮುಂದಿನ ವಾರ ಲೈಬ್ರರೀಲಿ ಹಾಡು ಎಷ್ಟು ಗಂಟೆಗೆ ಅಂತ ಕೇಳಕ್ಕೆ.