ಫೈ ಎಪ್ಸಿಲಾನ್ ಪೈ ಮತ್ತು ನಮ್ಮ ಬೋರ್ಡಿಂಗು

ಹೋದ ಸೆಪ್ಟೆಂಬರಿನಲ್ಲಿ ಅಕ್ಕನ ಮಗ ಫೋನ್ ಮಾಡಿದ್ದ. ಪೆನ್ಸಿಲ್ವೇನಿಯಾದ ಒಂದು ಕಾಲೇಜಿನಲ್ಲಿ ಎರಡನೆಯ ವರ್ಷ ಓದುತ್ತಿದ್ದಾನೆ. ಯಾವುದೋ ಫ್ರಾಟರ್ನಿಟಿಯವರು, ಅಂದರೆ ಕಾಲೇಜು ಹುಡುಗರು ಕಟ್ಟಿಕೊಂಡ ಸಂಘದವರು, ಊಟಕ್ಕೆ ಕರೆದಿದ್ದರಂತೆ, ಸೇರಿಕೊಂಡರೆ ಅವರ ಮನೆಯಲ್ಲೇ ಇರಬಹುದಂತೆ. "ನೀವೂ ಧಾರವಾಡದಾಗ ಬೋರ್ಡಿಂಗ್‌ನಾಗ ಇದ್ದು ಓದಿದವ್ರಲ್ಲ ಮಾಮಾ, ಇದೂ ಹಂಗ ಅಲ್ಲೇನು?" ಎಂದು ಕೇಳಿದ. ಹೌದು ಅನ್ನಲೂ ಬಾಯಿ ಬರಲಿಲ್ಲ, ಅಲ್ಲ ಅನ್ನಲೂ ಬರಲಿಲ್ಲ. "ಎರಡು ದಿನ ತಡಿ, ಹೇಳ್ತೀನಿ" ಅಂದೆ. ಎರಡು ದಿನ ಹೋಗಿ ಎರಡು ತಿಂಗಳಾಯಿತು. ಓದುತ್ತ ಹೋದಂತೆ ಅವನ ಪ್ರಶ್ನೆ ದೊಡ್ಡದಾಗುತ್ತಲೇ ಹೋಯಿತು.

ನಾನು ಕೆಲಸ ಮಾಡುವುದು ಮ್ಯಾನ್‌ಹಟನ್ನಿನ ಉತ್ತರದ ತುದಿಯಲ್ಲಿ. ಕೆಲವೊಮ್ಮೆ ಸಂಜೆ ಸಿಟಿ ಕಾಲೇಜಿನ ಮುಂದಿನಿಂದ ನಡೆದು ಬರುತ್ತೇನೆ. ಕಪ್ಪು ಕಲ್ಲಿನ ಗೋಡೆ, ಅಂಚಿಗೆಲ್ಲ ಬಿಳಿ ಟೆರಾಕೋಟಾ, ಇಗರ್ಜಿಯಂಥ ಕಮಾನುಗಳು. 1847ರಲ್ಲಿ ಬಡವರ ಮಕ್ಕಳಿಗಾಗಿ 'ಫ್ರೀ ಅಕಾಡೆಮಿ' ಎಂಬ ಹೆಸರಿನಲ್ಲಿ ಶುರುವಾದ ಕಾಲೇಜು ಇದು. 1976ರ ತನಕ ಇಲ್ಲಿ ಟ್ಯೂಷನ್ ಶುಲ್ಕವೇ ಇರಲಿಲ್ಲ. ಈಗಿನ ಕಟ್ಟಡಗಳಿಗೆ ಬಂದದ್ದು 1907ರಲ್ಲಿ. ಅದಕ್ಕೂ ಮುಂಚೆ, ಕಾಲೇಜು ಇನ್ನೂ ಲೆಕ್ಸಿಂಗ್ಟನ್ ಅವೆನ್ಯೂ ಮತ್ತು 23ನೆಯ ಬೀದಿ ಕೂಡುವಲ್ಲಿ ಇದ್ದಾಗ, 1904ರ ನವೆಂಬರ್ 23ರಂದು ಏಳು ಜನ ಹುಡುಗರು ಒಂದೆಡೆ ಕೂತು ಒಂದು ಸಂಘ ಕಟ್ಟಿದರು. ಅದಕ್ಕೆ ಮೂರು ಗ್ರೀಕ್ ಅಕ್ಷರಗಳ ಹೆಸರಿಟ್ಟರು, ಫೈ ಎಪ್ಸಿಲಾನ್ ಪೈ. ಬಳಕೆಯಲ್ಲಿ 'ಫೈ ಎಪ್'. ಇವತ್ತು ಆ ಹೆಸರಿನ ಫ್ರಾಟರ್ನಿಟಿ ಇಲ್ಲ. 1970ರಲ್ಲಿ ಅದು ಇನ್ನೊಂದರೊಳಗೆ ಸೇರಿಹೋಯಿತು.

ಅಮೆರಿಕಕ್ಕೆ ಬಂದ ಹೊಸತರಲ್ಲಿ ಫ್ರಾಟರ್ನಿಟಿ ಎಂದರೆ ಕುಡಿತದ ಮನೆ ಎಂದೇ ನಾನು ತಿಳಿದಿದ್ದೆ. ಇದರ ಬೇರು ಹಳೆಯದು. 1776ರಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ ಫೈ ಬೀಟಾ ಕಪ್ಪಾ ಗ್ರೀಕ್ ಅಕ್ಷರದ ಹೆಸರಿಟ್ಟುಕೊಂಡ ಮೊದಲನೆಯದು. 1825ರಲ್ಲಿ ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ ಕಪ್ಪಾ ಆಲ್ಫಾ ಸೊಸೈಟಿ ಹುಟ್ಟಿದ ಮೇಲೆ ಈ ಪದ್ಧತಿ ಊರೂರಿಗೆ ಹಬ್ಬಿತು. ಒಂದು ಗುಟ್ಟಿನ ಪ್ರಮಾಣ, ಒಂದು ಲಾಂಛನ, ಮುಂದೆ ಒಂದು ಮನೆ. ಒಳಗೆ ಬರಬೇಕಾದವರನ್ನು ಒಳಗಿದ್ದವರೇ ಆರಿಸುತ್ತಿದ್ದರು. ಪೆಟ್ಟಿಗೆಯೊಳಗೆ ಬಿಳಿ ಗುಂಡು ಅಥವಾ ಕರಿ ಗುಂಡು ಹಾಕುವುದು ಹಳೆಯ ರೂಢಿ. ಎಷ್ಟೋ ಕಡೆ ಒಂದೇ ಒಂದು ಕರಿ ಗುಂಡು ಬಿದ್ದರೂ ಹುಡುಗ ಹೊರಗೆ. ಯಾರು ಹಾಕಿದರು, ಏಕೆ ಹಾಕಿದರು ಎಂದು ಯಾರೂ ಹೇಳಬೇಕಿರಲಿಲ್ಲ.

ಯಹೂದಿ ಹುಡುಗರಿಗೆ ಬೀಳುತ್ತಿದ್ದುದು ಆ ಕರಿ ಗುಂಡು. 1881ರಿಂದ 1924ರವರೆಗೆ ಪೂರ್ವ ಯುರೋಪಿನಿಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಯಹೂದಿಗಳು ಅಮೆರಿಕಕ್ಕೆ ಬಂದರು. ಹೊಲಿಗೆ ಮಾಡುವವರ, ತಳ್ಳುಗಾಡಿಯವರ ಮಕ್ಕಳು ಕಾಲೇಜಿಗೆ ನುಗ್ಗಿದರು. ತರಗತಿಯಲ್ಲಿ ಅವರನ್ನು ತಡೆಯಲು ಆಗಲಿಲ್ಲ, ಊಟದ ಮೇಜಿನಲ್ಲಿ ತಡೆದರು. ಬಿಳಿಯ ಕ್ರೈಸ್ತರಿಗೆ ಮಾತ್ರ ಪ್ರವೇಶ ಎಂದು ಎಷ್ಟೋ ಫ್ರಾಟರ್ನಿಟಿಗಳ ನಿಯಮಾವಳಿಯಲ್ಲೇ ಬರೆದಿತ್ತು. ಬರೆಯದವರು ರೂಢಿಯಿಂದ ನಡೆಸಿದರು. 1922ರಲ್ಲಿ ಹಾರ್ವರ್ಡಿನ ಅಧ್ಯಕ್ಷ ಅಬ್ಬಟ್ ಲಾರೆನ್ಸ್ ಲೊವೆಲ್, ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಬೇಕೆಂದು ಬಹಿರಂಗವಾಗಿಯೇ ವಾದಿಸಿದರು. ದೊಡ್ಡ ವಿಶ್ವವಿದ್ಯಾಲಯವೇ ಹಾಗೆ ಮಾತಾಡುತ್ತಿದ್ದ ಕಾಲದಲ್ಲಿ ಹುಡುಗರ ಕ್ಲಬ್ಬು ಹೇಗಿದ್ದೀತು?

ಹೀಗೆ ಹೊರಗುಳಿದವರು ತಮ್ಮದೇ ಮನೆ ಕಟ್ಟಿಕೊಂಡರು. ಕೊಲಂಬಿಯಾದ ಪ್ರೊಫೆಸರ್ ರಿಚರ್ಡ್ ಗಾಟ್‌ಹೀಲ್ ಪ್ರೇರಣೆಯಿಂದ 1898ರಲ್ಲಿ ನ್ಯೂಯಾರ್ಕಿನಲ್ಲಿ ಕೂಡಿದ ಗುಂಪು ಮುಂದೆ ಝೀಟಾ ಬೀಟಾ ಟಾವ್ ಆಯಿತು. ಆ ಮೂರು ಅಕ್ಷರ ಮೊದಲು ಗ್ರೀಕಿನವಲ್ಲ. ಬೈಬಲ್ಲಿನ ಯೆಶಾಯನ ಗ್ರಂಥದಲ್ಲಿ ಚೀಯೋನಿಗೆ, ಅಂದರೆ ಜೆರುಸಲೇಮಿಗೆ, ನ್ಯಾಯದಿಂದ ಬಿಡುಗಡೆ ಎಂಬ ಅರ್ಥದ ಮಾತಿದೆ. ಅದರ ಹೀಬ್ರೂ ಪದಗಳ ಮೊದಲಕ್ಷರಗಳವು. 1909ರಲ್ಲಿ ಕೊಲಂಬಿಯಾದಲ್ಲಿ ಫೈ ಸಿಗ್ಮಾ ಡೆಲ್ಟಾ, 1911ರಲ್ಲಿ ರಾಚೆಸ್ಟರಿನಲ್ಲಿ ಕಪ್ಪಾ ನೂ, 1914ರಲ್ಲಿ ವಾಷಿಂಗ್ಟನ್ನಿನಲ್ಲಿ ಫೈ ಆಲ್ಫಾ. ಕಪ್ಪು ಜನರ ಹುಡುಗರೂ 1906ರಲ್ಲಿ ಕಾರ್ನೆಲ್‌ನಲ್ಲಿ ಆಲ್ಫಾ ಫೈ ಆಲ್ಫಾ ಕಟ್ಟಿಕೊಂಡರು, ಅವರೂ ಏಳು ಜನ. ಇವುಗಳ ನಡುವೆ ಫೈ ಎಪ್ ನನಗೆ ಹತ್ತಿರವಾಗುವುದಕ್ಕೆ ಕಾರಣವಿದೆ. ತನ್ನನ್ನು ತಾನು ಒಂದು ಮತದ್ದೆಂದು ಅದು ಕರೆದುಕೊಳ್ಳಲಿಲ್ಲ, ಎಲ್ಲ ಮತದವರೂ ಬರಬಹುದೆಂದಿತು. ಬಂದವರು ಮಾತ್ರ ಹೆಚ್ಚು ಕಡಿಮೆ ಎಲ್ಲರೂ ಯಹೂದಿಗಳೇ. ಬೇರೆಯವರಿಗೆ ಬೇರೆ ಮನೆಗಳಿದ್ದವು.

1904 ಎಂಬ ಇಸವಿ ಓದಿದಾಗ ನನಗೆ ಧಾರವಾಡ ನೆನಪಾಯಿತು. ಹಾನಗಲ್ಲ ಕುಮಾರಸ್ವಾಮಿಗಳ ಮುಂದಾಳುತನದಲ್ಲಿ ವೀರಶೈವ ಮಹಾಸಭೆ ಹುಟ್ಟಿದ್ದು ಅದೇ ವರ್ಷ, ಅದೇ ಊರಿನಲ್ಲಿ. ಎರಡು ವರ್ಷಕ್ಕೆ, 1906ರಲ್ಲಿ, ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್ಇ ಸಂಸ್ಥೆ. ಹಳ್ಳಿಯ ಹುಡುಗ ಪೇಟೆಗೆ ಬಂದು ಓದಬೇಕೆಂದರೆ ಎಲ್ಲಿ ಉಣ್ಣಬೇಕು, ಎಲ್ಲಿ ಮಲಗಬೇಕು ಎಂಬುದೇ ಮೊದಲ ಪ್ರಶ್ನೆಯಾಗಿತ್ತು. ಬ್ರಾಹ್ಮಣರ ಬಡ ಹುಡುಗರಿಗೆ ವಾರಾನ್ನವಿತ್ತು, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಒಕ್ಕಲುತನದವರ, ನೇಕಾರರ, ಕುರುಬರ ಮಕ್ಕಳಿಗೆ ಆ ಪಂಕ್ತಿಯಲ್ಲಿ ಮಣೆ ಇರಲಿಲ್ಲ. ಮಠದ ಸ್ವಾಮಿಗಳು ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗಿದರು, ಸಮಾಜದ ಹಿರಿಯರು ವಂತಿಗೆ ಎತ್ತಿದರು, ಬೋರ್ಡಿಂಗುಗಳು ಎದ್ದವು. ನಾನು ಓದಿದ್ದು ಅಂಥದೊಂದರಲ್ಲಿ. ನಸುಕಿನಲ್ಲಿ ಗಂಟೆ, ತಣ್ಣೀರ ಸ್ನಾನ, ಪ್ರಾರ್ಥನೆ. ಎರಡು ರೊಟ್ಟಿ, ಪುಂಡಿಪಲ್ಯ, ರಾತ್ರಿ ನುಚ್ಚು ಸಾರು. ಬಡಿಸುವುದಕ್ಕೆ ಪಾಳಿ. ಸುಗ್ಗಿ ಮುಗಿದ ಮೇಲೆ ಜೋಳದ ಚೀಲ ಹೇರಿಕೊಂಡು ಬರುತ್ತಿದ್ದ ಚಕ್ಕಡಿಗಳಿಂದ ನಾವೇ ಚೀಲ ಇಳಿಸುತ್ತಿದ್ದೆವು. ಆ ಕಾಳು ಇಲ್ಲದಿದ್ದರೆ ನಾನು ಹಾವೇರಿ ಕಡೆಯ ನನ್ನ ಊರಿನಲ್ಲೇ ಉಳಿಯುತ್ತಿದ್ದೆ.

ಹೊರಗಿಟ್ಟವರ ಮುಂದೆ ತಮ್ಮದೇ ಒಲೆ ಹೂಡಿದರಲ್ಲ, ಅಷ್ಟರ ಮಟ್ಟಿಗೆ ಅಳಿಯ ಹೇಳಿದ್ದು ಸರಿ. ಆದರೆ ಸಿಟಿ ಕಾಲೇಜಿನ ಹುಡುಗರಿಗೆ ಮಲಗಲು ಮನೆಯಿತ್ತು. ದಿನವೂ ಇಕ್ಕಟ್ಟಾದ ಬಾಡಿಗೆ ಮನೆಗಳಿಂದ ಬಂದು ಓದಿ ಹೋಗುತ್ತಿದ್ದರು. ಕಾಲೇಜಿನಲ್ಲಿ ತಮ್ಮದೆನ್ನುವ ಜಾಗ ಅವರಿಗಿರಲಿಲ್ಲ. ನಮಗೆ ಊರಿನಲ್ಲಿ ಜಾಗವೇ ಇರಲಿಲ್ಲ. ಅವರು ಹುಡುಕಿದ್ದು ಮನ್ನಣೆಯನ್ನು, ನಾವು ಹುಡುಕಿದ್ದು ಅನ್ನವನ್ನು. ಇನ್ನೊಂದು ಅಂತರ ನನ್ನನ್ನು ಇವತ್ತಿಗೂ ಕಾಡುತ್ತದೆ. ತಮ್ಮನ್ನು ಹೊರಗಿಟ್ಟ ಅದೇ ಮತದಾನದ ಪೆಟ್ಟಿಗೆಯನ್ನು ಯಹೂದಿ ಫ್ರಾಟರ್ನಿಟಿಗಳೂ ತಮ್ಮ ಮನೆಯೊಳಗೆ ತಂದಿಟ್ಟುಕೊಂಡವು. ಜರ್ಮನಿಯಿಂದ ಮುಂಚೆ ಬಂದು ನೆಲೆಯೂರಿದ ಯಹೂದಿಗಳ ಮಕ್ಕಳಿಗೂ ರಷ್ಯಾ, ಪೋಲೆಂಡ್ ಕಡೆಯಿಂದ ಆಮೇಲೆ ಬಂದವರ ಮಕ್ಕಳಿಗೂ ನಡುವೆ ಗೆರೆ ಬಿತ್ತು. ಉಚ್ಚಾರ ಒರಟು, ಅಂಗಿ ಸರಿಯಿಲ್ಲ ಎಂಬ ಮಾತಿಗೆ ಕರಿ ಗುಂಡು ಬೀಳುತ್ತಿತ್ತು. ನಮ್ಮ ಬೋರ್ಡಿಂಗಿನಲ್ಲಿ ಹುಡುಗರ ಮತದಾನವಿರಲಿಲ್ಲ. ಹರಿದ ಅಂಗಿಯವನನ್ನು ಬೇಡ ಎನ್ನುವ ಅಧಿಕಾರ ನಮಗೆ ಯಾರೂ ಕೊಟ್ಟಿರಲಿಲ್ಲ. ಅದು ನಮ್ಮವರ ದೊಡ್ಡತನ ಎಂದು ನಾನು ಮನಸಾರೆ ನಂಬುತ್ತೇನೆ.

ಆದರೆ ನಮ್ಮ ಅರ್ಜಿಯಲ್ಲಿ ಜಾತಿಯ ಕಾಲಮ್ಮು ಇತ್ತು. ನನ್ನ ಊರಿನವನೇ, ಒಂದೇ ಬೆಂಚಿನವನು, ನನಗಿಂತ ಹದಿನಾಲ್ಕು ಅಂಕ ಹೆಚ್ಚು ತೆಗೆದವನು, ಆ ಕಾಲಮ್ಮಿನಲ್ಲಿ ಬೇರೆ ಹೆಸರು ಬರೆದದ್ದಕ್ಕೆ ಒಳಗೆ ಬರಲಿಲ್ಲ. ಸಪ್ತಾಪುರದಲ್ಲಿ ತಗಡಿನ ಕೋಣೆ ಹಿಡಿದು ಸೀಮೆಎಣ್ಣೆ ಸ್ಟೋವಿನ ಮೇಲೆ ಅನ್ನ ಬೇಯಿಸಿಕೊಂಡು ಓದಿದ. ನಾನು ಕೆಲವು ರಾತ್ರಿ ಟವೆಲ್ಲಿನಲ್ಲಿ ರೊಟ್ಟಿ ಸುತ್ತಿಕೊಂಡು ಹೋಗಿ ಕೊಟ್ಟಿದ್ದೇನೆ. ಕದ್ದು ಕೊಟ್ಟಂತೆ ಕೊಡಬೇಕಾಗಿತ್ತಲ್ಲ, ಆ ನೋವು ಮೂವತ್ತು ವರ್ಷವಾದರೂ ಹೋಗಿಲ್ಲ.

ಫೈ ಎಪ್ ಕಾಲದ ಯಹೂದಿ ಫ್ರಾಟರ್ನಿಟಿಗಳ ಕಥೆಯಲ್ಲಿ ನಾನು ಮತ್ತೆ ಮತ್ತೆ ಓದಿಕೊಂಡ ಭಾಗವೊಂದಿದೆ. 1938ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳನ್ನು ಸುಟ್ಟರು, ಯಹೂದಿಗಳ ಅಂಗಡಿಗಳನ್ನು ಒಡೆದರು. ಯಹೂದಿ ವಿದ್ಯಾರ್ಥಿಗಳಿಗೆ ಅಲ್ಲಿ ಓದು ಮುಗಿದಂತೆಯೇ. ಆಗ ಅಮೆರಿಕದ ಹಲವು ಯಹೂದಿ ಫ್ರಾಟರ್ನಿಟಿ ಮನೆಗಳು ನಿರಾಶ್ರಿತ ವಿದ್ಯಾರ್ಥಿಗಳನ್ನು ಕರೆಸಿಕೊಂಡು ತಮ್ಮ ಮನೆಯಲ್ಲೇ ಇಟ್ಟುಕೊಂಡವು. ಕೋಣೆ, ಊಟ ಎರಡಕ್ಕೂ ಕಾಸಿಲ್ಲ. ಕಾಲೇಜುಗಳು ಫೀಸು ಬಿಟ್ಟುಕೊಟ್ಟವು. ಉಚ್ಚಾರ ಸರಿಯಿಲ್ಲ ಎಂದು ಒಂದು ಕಾಲಕ್ಕೆ ಹುಡುಗರನ್ನು ತಿರುಗಿಸಿ ಕಳಿಸಿದ ಮನೆಗಳಲ್ಲಿ ಇಂಗ್ಲಿಷೇ ಸರಿಯಾಗಿ ಬಾರದ ಹುಡುಗ ಬಂದು ಮೇಜಿಗೆ ಕೂತ. ಅದನ್ನು ಓದುವಾಗ ಚಕ್ಕಡಿಯಿಂದ ಜೋಳದ ಚೀಲ ಇಳಿಸಿದ ನೆನಪು ಬಂತು. ಅವತ್ತು ಮಾತ್ರ ಅವರ ಮನೆಯೂ ನಮ್ಮ ಬೋರ್ಡಿಂಗೂ ಒಂದೇ ಆಗಿದ್ದವು.

ಯುದ್ಧ ಮುಗಿದ ಮೇಲೆ ಗಾಳಿ ತಿರುಗಿತು. 1948ರಲ್ಲಿ ಆಮ್ಹರ್ಸ್ಟ್ ಕಾಲೇಜಿನ ಫೈ ಕಪ್ಪಾ ಸೈ ಶಾಖೆಯವರು ಕಪ್ಪು ವಿದ್ಯಾರ್ಥಿಯೊಬ್ಬನನ್ನು ಸೇರಿಸಿಕೊಂಡರು. ಕೇಂದ್ರದವರು ಇಡೀ ಶಾಖೆಯನ್ನೇ ಕಿತ್ತುಹಾಕಿದರು, ಹುಡುಗರು ಅಂಜದೆ ಸ್ವತಂತ್ರವಾಗಿ ನಿಂತರು. 1953ರಲ್ಲಿ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯ, ಜನಾಂಗ ಮತ ನೋಡಿ ಸೇರಿಸಿಕೊಳ್ಳುವ ಸಂಘಗಳಿಗೆ ತನ್ನ ಆವರಣದಲ್ಲಿ ಜಾಗವಿಲ್ಲ ಎಂದಿತು. ಕೋರ್ಟಿಗೆ ಹೋದವರು 1954ರಲ್ಲಿ ಸೋತರು. ಅದೇ ವರ್ಷ ಝೀಟಾ ಬೀಟಾ ಟಾವ್ ಕೂಡ ಯಹೂದಿಯಲ್ಲದವರಿಗೆ ಬಾಗಿಲು ತೆರೆಯಿತು. ಇತರ ಮನೆಗಳ ಬಾಗಿಲುಗಳೂ ನಿಧಾನವಾಗಿ ತೆರೆದಂತೆ ಯಹೂದಿ ಹುಡುಗನಿಗೆ ಯಹೂದಿ ಮನೆಯೇ ಬೇಕೆಂಬ ಒತ್ತಾಯ ಸಡಿಲವಾಯಿತು. ಅರವತ್ತರ ದಶಕದ ಕೊನೆಗೆ ವಿಯೆಟ್ನಾಂ ಯುದ್ಧದ ವಿರೋಧ ಎದ್ದಾಗ ಲಾಂಛನ, ಪ್ರಮಾಣ, ಟೈ ಕಟ್ಟಿದ ಊಟ ಎಲ್ಲವೂ ಹುಡುಗರಿಗೆ ಬೇಡವಾದವು. ಫೈ ಆಲ್ಫಾ 1959ರಲ್ಲೇ ಫೈ ಸಿಗ್ಮಾ ಡೆಲ್ಟಾ ಸೇರಿತ್ತು, ಕಪ್ಪಾ ನೂ 1961ರಲ್ಲಿ ಫೈ ಎಪ್ ಸೇರಿತ್ತು. 1969-70ರಲ್ಲಿ ಉಳಿದೆರಡೂ ಝೀಟಾ ಬೀಟಾ ಟಾವ್ ಒಳಗೆ ಕರಗಿದವು. ಐದು ಹೊಳೆ ಕೂಡಿ ಒಂದು ಹೆಸರು ಉಳಿಯಿತು. ಆ ಒಂದು ಸಂಸ್ಥೆ 1989ರಲ್ಲಿ ಪ್ಲೆಡ್ಜ್ ಎಂಬ ಉಮೇದುವಾರಿಕೆಯ ಅವಧಿಯನ್ನೇ ತೆಗೆದುಹಾಕಿತು, ಹೊಸಬರಿಗೆ ಕೊಡುವ ಕಾಟ ಬೆಳೆಯುವುದು ಆ ಅವಧಿಯಲ್ಲೇ ಎಂದು.

ಅರವತ್ತಾರು ವರ್ಷ ಬಾಳಿದ ಹೆಸರು ಹೋದದ್ದಕ್ಕೆ ಹಳಬರಿಗೆ ದುಃಖವಾಗಿರಲೇಬೇಕು. ನನಗೂ ಆಗುತ್ತದೆ. ಆದರೂ ಅದನ್ನು ಸೋಲು ಎಂದು ನಾನು ಕರೆಯಲಾರೆ. ಯಾವ ಅವಮಾನದಿಂದ ಆ ಮನೆ ಹುಟ್ಟಿತ್ತೋ ಆ ಅವಮಾನ ಬಹುಮಟ್ಟಿಗೆ ತೊಲಗಿದ ಮೇಲೆ ಹೆಸರು ಬಿಟ್ಟುಕೊಟ್ಟರು. ನಮ್ಮ ಸಮಾಜಗಳ ಸಂಘಗಳು ನೂರು ವರ್ಷ ದಾಟಿವೆ. ಮೆಡಿಕಲ್ ಕಾಲೇಜು, ಇಂಜಿನಿಯರಿಂಗ್ ಕಾಲೇಜು, ಆಸ್ಪತ್ರೆ ಕಟ್ಟಿವೆ. ಒಂದು ಕಾಲದಲ್ಲಿ ಮಣೆ ಸಿಗದವರು ಇವತ್ತು ಮಣೆ ಹಾಕುವವರು. ಹಾಗಿದ್ದರೆ ಪ್ರವೇಶದ ಅರ್ಜಿಯಲ್ಲಿ ಆ ಕಾಲಮ್ಮು ಇನ್ನೂ ಏಕೆ? ಒಲೆ ಆರಿಸಿ ಎಂದು ನಾನು ಹೇಳುತ್ತಿಲ್ಲ. ಒಲೆ ಬೇಕು, ಹಳ್ಳಿಯ ಬಡ ಹುಡುಗನಿಗೆ ಇವತ್ತಿಗೂ ಬೇಕು, ಹುಡುಗಿಗೆ ಇನ್ನೂ ಹೆಚ್ಚು ಬೇಕು. ಕಾಲಮ್ಮು ತೆಗೆಯಿರಿ, ಬಡತನ ಮತ್ತು ಅಂಕ ನೋಡಿ. ಆಗದ ಮಾತೇನಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ ಅಕ್ಷರ ಎರಡನ್ನೂ ಕೊಟ್ಟರು. ಅಲ್ಲಿನ ಒಲೆ ಆರಿಲ್ಲ.

ಇತ್ತ ಅಮೆರಿಕದಲ್ಲಿ ನಮ್ಮ ಮಕ್ಕಳು ಅದೇ ಹಾದಿ ಹಿಡಿದಿದ್ದಾರೆ. 1994ರಲ್ಲಿ ಬಿಂಗಮ್‌ಟನ್‌ನಲ್ಲಿ ಅಯೋಟಾ ನೂ ಡೆಲ್ಟಾ, 1998ರಲ್ಲಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಡೆಲ್ಟಾ ಎಪ್ಸಿಲಾನ್ ಸೈ, ದಕ್ಷಿಣ ಏಷ್ಯಾ ಮೂಲದ ಹುಡುಗರು ಕಟ್ಟಿದ ಫ್ರಾಟರ್ನಿಟಿಗಳು. ಅವರಿಗೂ ಒಂದು ಮನೆ ಬೇಕಿತ್ತು. ಅದನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ನಾವು ದೊಡ್ಡವರೂ ಕನ್ನಡ ಕೂಟ ಕಟ್ಟಿಕೊಂಡಿದ್ದೇವಲ್ಲ.

ಕೊನೆಗೆ ಅಳಿಯನಿಗೆ ಫೋನ್ ಮಾಡಿದೆ. ಸೇರು ಎನ್ನಲಿಲ್ಲ, ಬೇಡ ಎನ್ನಲಿಲ್ಲ. "ಹೋದ ವರ್ಷ ಯಾರನ್ನ ಬ್ಯಾಡ ಅಂದ್ರಿ, ಯಾಕ ಬ್ಯಾಡ ಅಂದ್ರಿ ಅಂತ ಅವರನ್ನ ಕೇಳಪಾ" ಎಂದೆ. ವಾರದ ಮೇಲೆ ತಾನೇ ಫೋನ್ ಮಾಡಿದ. ಕೇಳಿದನಂತೆ. ಮತದಾನ ಗುಟ್ಟಿನದು, ಹೇಳಲು ಬರುವುದಿಲ್ಲ ಎಂದರಂತೆ. ಅವನ ರೂಮ್‌ಮೇಟು, ಇಥಿಯೋಪಿಯಾ ಮೂಲದ ಹುಡುಗ, ಅದೇ ಊಟಕ್ಕೆ ಹೋಗಿದ್ದನಂತೆ, ಅವನಿಗೆ ಎರಡನೆಯ ಸಲ ಕರೆ ಬರಲಿಲ್ಲವಂತೆ. "ಏನು ಮಾಡ್ತಿ?" ಎಂದೆ. "ಇಬ್ರೂ ಕೂಡಿ ಹೊರಗ ಒಂದು ಮನಿ ನೋಡ್ಲಿಕ್ಕತ್ತೀವಿ ಮಾಮಾ. ಅಡಗಿ ನಾನ ಮಾಡ್ತೀನಿ. ಅವ್ವನ ಕಡೆ ಹೇಳಿ ಜ್ವಾಳದ ಹಿಟ್ಟು ಕಳಸ್ರಿ" ಎಂದ. ಹೋದ ಶನಿವಾರ ಐದು ಕಿಲೋ ಕಳಿಸಿದ್ದೇನೆ.