ದೇವರ ಮನೆಯ ಜೀರೋ ಬಲ್ಬು

ಒಂದು ವರ್ಷ ನಮ್ಮ ಬೀದಿಯಲ್ಲಿ ದೀಪಾವಳಿ ಮೂರು ತಿಂಗಳು ನಡೆಯಿತು. ಪಟಾಕಿ ಹೊಡೆಯುತ್ತಿದ್ದವನು ನಾನೊಬ್ಬನೇ. ಅದೂ ಹಳೇ ಮಾರುತಿ 800ರ ಬಾನೆಟ್ ಒಳಗೆ.

ಕಾರಿನ ಎಂಜಿನ್ ಕೆಟ್ಟು ಕೂತಿತ್ತು. ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. 2001ರಲ್ಲಿ ನಮ್ಮ ಬೆಂಗಳೂರಿನ ರೇವಾ ಕಾರು ರಸ್ತೆಗಿಳಿದಾಗ ಬಾಯಿ ಬಿಟ್ಟುಕೊಂಡು ನೋಡಿದವನು ನಾನು. ಆ ಬಾಯಿ ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಎಂಜಿನ್ ಇಳಿಸಿ, ಫೋರ್ಕ್‌ಲಿಫ್ಟಿನ ಹಳೇ ಡಿಸಿ ಮೋಟಾರು ಕೂರಿಸಿ, 12 ವೋಲ್ಟಿನ ಎಂಟು ಬ್ಯಾಟರಿ ಸಾಲಾಗಿ ಜೋಡಿಸಿದೆ. ಒಟ್ಟು 96 ವೋಲ್ಟ್. ಅಲ್ಲಿಯವರೆಗೆ ಎಲ್ಲ ಸಲೀಸು. ಮೋಟಾರಿಗೆ ಬೇಕಾದಷ್ಟೇ ಕರೆಂಟು ಬಿಡುವ ಕಂಟ್ರೋಲರ್ ಬೆಲೆ ಕೇಳಿದಾಗ ಮಾತ್ರ ತಲೆ ತಿರುಗಿತು. 'ಅದರಲ್ಲೇನಿದೆ ಮಹಾ? ಸೆಕೆಂಡಿಗೆ 16 ಸಾವಿರ ಸಲ ಆನ್-ಆಫ್ ಆಗೋ ಸ್ವಿಚ್ಚು ತಾನೆ, ನಾನೇ ಮಾಡ್ತೀನಿ' ಎಂದೆ. ಹೆಂಡತಿ ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗುವ ಎಸ್.ಪಿ. ರೋಡಿಗೆ ಹೋಗಿ, ಆ ಸ್ವಿಚ್ಚಿನ ಕೆಲಸ ಮಾಡುವ, 200 ವೋಲ್ಟ್ ತಡೆಯುವ ಮಾಸ್ಫೆಟ್ ಹನ್ನೆರಡು ತಂದೆ. ಬೆರಳುಗುರಿಗಿಂತ ಸ್ವಲ್ಪ ದೊಡ್ಡ ಕಪ್ಪು ಬಿಲ್ಲೆಗಳು. ಒಂದೊಂದೂ ಇಷ್ಟಿಷ್ಟು ಕರೆಂಟು ಹೊತ್ತರೆ ಹನ್ನೆರಡೂ ಸೇರಿ 300 ಆಂಪಿಯರ್ ಹೊರುತ್ತವೆ ಎಂಬ ಲೆಕ್ಕ. ಜೊತೆಗೆ ಚಾರ್ಜು ತುಂಬಿಟ್ಟುಕೊಳ್ಳುವ, ಡಬ್ಬಿಯಷ್ಟು ದೊಡ್ಡ ಕೆಪಾಸಿಟರ್‌ಗಳು.

ಮೊದಲ ದಿನವೇ ಬ್ಯಾಟರಿಯ ತಂತಿಯನ್ನು ಸೀದಾ ಕಂಟ್ರೋಲರ್‌ಗೆ ತಾಗಿಸಿದೆ. ಫಟ್! ಖಾಲಿ ಕೆಪಾಸಿಟರ್ ಅಂದರೆ ಉಪವಾಸ ಮುಗಿಸಿ ಊಟಕ್ಕೆ ಕೂತವನ ಹಾಗೆ, ಇದ್ದದ್ದನ್ನೆಲ್ಲ ಒಂದೇ ತುತ್ತಿಗೆ ಎಳೆದುಕೊಳ್ಳುತ್ತದೆ. ತಂತಿಯ ತುದಿ ಕರಗಿ ಗುಂಡಗಾಗಿತ್ತು. ನನ್ನ ಹುಬ್ಬು ಉಳಿದಿದ್ದು ಪುಣ್ಯ.

ಅದಕ್ಕೆ ಮದ್ದು ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ನಮ್ಮೂರ ರೇಡಿಯೋ ರಿಪೇರಿಯವರು ಯಾವ ಸೆಟ್ಟನ್ನೂ ಸೀದಾ ಪ್ಲಗ್ಗಿಗೆ ಹಾಕುತ್ತಿರಲಿಲ್ಲ. ನಡುವೆ ಒಂದು ಸೀರೀಸ್ ಬಲ್ಬು. ಬಲ್ಬು ಜೋರಾಗಿ ಉರಿದರೆ ಒಳಗೆ ಶಾರ್ಟ್. ನನ್ನ ಕಂಟ್ರೋಲರ್‌ಗೂ ಅದೇ ಸೂತ್ರ. ಬಲ್ಬಿನ ಮೂಲಕ ಕರೆಂಟು ಕೊಟ್ಟರೆ ಕೆಪಾಸಿಟರ್ ನಿಧಾನಕ್ಕೆ ತುಂಬುತ್ತದೆ, ತುಂಬಿದ ಹಾಗೆ ಬಲ್ಬು ಮಂಕಾಗಿ ಆರುತ್ತದೆ. ಆರದೇ ಹೋದರೆ ಮಾಸ್ಫೆಟ್ ಸತ್ತಿದೆ ಎಂದರ್ಥ.

ಆದರೆ ತಂತಿಯ ಬಲ್ಬು ಈಗೆಲ್ಲಿದೆ? ಅಂಗಡಿಯವನು, 'ಸಾರ್, ಅದನ್ನ ಈಗ ಯಾರು ಇಡ್ತಾರೆ, ಎಲ್ಇಡಿ ತಗೊಳ್ಳಿ, ಎರಡು ವರ್ಷ ವಾರಂಟಿ' ಎಂದ. ಕೊನೆಗೆ ಸಿಕ್ಕಿದ್ದು ನಮ್ಮ ದೇವರ ಮನೆಯಲ್ಲಿ. ಕೆಂಪು ಜೀರೋ ಬಲ್ಬು. (ಹೆಸರಿಗೆ ಜೀರೋ, ತಿನ್ನುವುದು 15 ವ್ಯಾಟು. ನಮ್ಮ ಮನೆಯಲ್ಲಿ 'ನಂಗೆ ಏನೂ ಬೇಡ' ಅನ್ನುವವರೆಲ್ಲ ಇದೇ ಜಾತಿ.) ಅಮ್ಮ ಮಧ್ಯಾಹ್ನ ಮಲಗಿದ್ದಾಗ ಬಿಚ್ಚಿಕೊಂಡೆ. ಸಂಜೆ ದೀಪ ಹಚ್ಚಲು ಹೋದ ಅಮ್ಮ ಕೂಗಿದರು: 'ದೇವರ ಬಲ್ಬನ್ನೂ ಬಿಡಲಿಲ್ವೇನೋ ನೀನು!'

ಬಲ್ಬು ಬಂದ ಮೇಲೆ ಕಿಡಿ ನಿಂತಿತು. ಪಟಾಕಿ ನಿಲ್ಲಲಿಲ್ಲ. ಆಕ್ಸಿಲರೇಟರ್ ಸ್ವಲ್ಪ ಜಾಸ್ತಿ ಒತ್ತಿದರೆ ಸಾಕು, ಪಟ್! ಪಂಕ್ತಿಯಲ್ಲಿ ಒಬ್ಬ ಎಲೆ ಮಡಚಿ ಎದ್ದರೆ ಸಾಲಿಗೆ ಸಾಲೇ ಏಳುತ್ತದಲ್ಲ, ಹಾಗೆ ಒಂದು ಮಾಸ್ಫೆಟ್ ಹೋದರೆ ಹನ್ನೆರಡೂ ಹೋಗುತ್ತಿದ್ದವು. ಮೇಲಿನ ಮನೆ ಅಂಕಲ್ ಬಾಲ್ಕನಿಯಿಂದ ಬಗ್ಗಿ, 'ಇವತ್ತು ಎಷ್ಟು ರೂಪಾಯಿದು ಹೊಡೆದ್ರಿ?' ಎಂದು ಕೇಳುವುದು ರೂಢಿಯಾಯಿತು. ಮಾಸ್ಫೆಟ್ ಮಾರಿದವನು ಡೂಪ್ಲಿಕೇಟ್ ಕೊಟ್ಟಿದ್ದಾನೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಪಾಪ, ಅವನದೇನೂ ತಪ್ಪಿರಲಿಲ್ಲ.

ಮಾಸ್ಫೆಟ್ ಸಾಯುವಾಗ ಸುಮ್ನೆ ಸಾಯುವುದಿಲ್ಲ, ಸ್ವಿಚ್ಚು ಆನ್ ಮಾಡಿಟ್ಟೇ ಸಾಯುತ್ತದೆ. ಇದನ್ನು ಓದಿ ತಿಳಿದಿದ್ದೆ. ಕಣ್ಣಾರೆ ಕಂಡಿದ್ದು ಒಂದು ಭಾನುವಾರ. ಕಾರನ್ನು ಜಾಕಿ ಮೇಲೆ ಎತ್ತಿ, ಮುಂದಿನ ಚಕ್ರ ಗಾಳಿಯಲ್ಲಿ ಬಿಟ್ಟು ಒಳಗೆ ಕೂತು ನೋಡುತ್ತಿದ್ದೆ. ಪಟ್ ಎಂದಿತು. ಚಕ್ರ ಹುಚ್ಚು ಹಿಡಿದಂತೆ ತಿರುಗತೊಡಗಿತು. ಆಕ್ಸಿಲರೇಟರ್ ಬಿಟ್ಟರೂ ನಿಲ್ಲದು. ಕ್ಲಚ್ಚನ್ನು ತೂಕ ಜಾಸ್ತಿ ಎಂದು ನಾನೇ ತೆಗೆದುಹಾಕಿದ್ದೆ. ಬ್ಯಾಟರಿ ಕಡಿದುಹಾಕುವ ಕಾಂಟ್ಯಾಕ್ಟರ್ ಇನ್ನೂ ತಂದಿರಲಿಲ್ಲ. 'ಟೆಸ್ಟಿಂಗ್ ತಾನೆ' ಎಂದು ಅದರ ಜಾಗದಲ್ಲಿ ತಾಮ್ರದ ಪಟ್ಟಿ ಇಟ್ಟು ಬೋಲ್ಟು ಬಿಗಿದಿದ್ದೆ. ಅಷ್ಟು ಚೆನ್ನಾಗಿ ನಾನು ಜೀವನದಲ್ಲಿ ಬೇರೆ ಯಾವ ಬೋಲ್ಟನ್ನೂ ಬಿಗಿದಿಲ್ಲ.

ಇಡೀ ಕಾರು ಜಾಕಿ ಮೇಲೆ ಕುಣಿಯುತ್ತಿತ್ತು. ಅಮ್ಮ ಬಕೆಟ್ಟಿನಲ್ಲಿ ನೀರು ಹಿಡಿದು ಓಡಿಬಂದರು.

'ನೀರು ಬೇಡ! ನೀರು ಬೇಡ!'

'ಮತ್ತೇನು ಹಾಕ್ಲೋ?'

ಕೊನೆಗೆ ಎರಡೂ ಕಾಲು ಹಾಕಿ ಬ್ರೇಕ್ ತುಳಿದೆ. ಎಂಜಿನ್ ಇಲ್ಲದ ಕಾರಲ್ಲವೇ, ಬ್ರೇಕಿಗೆ ವ್ಯಾಕ್ಯೂಮ್ ಸಹಾಯವೂ ಇಲ್ಲ. ಬಂಡೆ ತುಳಿದ ಹಾಗಿತ್ತು. ಚಕ್ರ ನಿಧಾನವಾದ ಹಾಗೆ ಮೋಟಾರು ಜಾಸ್ತಿ ಕರೆಂಟು ಎಳೆದು ಫ್ಯೂಸು ಹಾರಿತು. ಆಮೇಲೆ ಬೀದಿಯಲ್ಲಿ ಎಂಥಾ ಮೌನ! ಅಂಕಲ್ ಕೂಡ ಬೆಲೆ ಕೇಳಲಿಲ್ಲ.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಕಳ್ಳ ಸಿಕ್ಕಿಬಿದ್ದ. ಐದು ಸೆಂಟಿಮೀಟರ್ ತಂತಿ! ಕೆಪಾಸಿಟರ್‌ಗೂ ಮಾಸ್ಫೆಟ್‌ಗೂ ನಡುವೆ ನಾನು ಕೊಟ್ಟಿದ್ದ ತಂತಿ. ಅಷ್ಟುದ್ದದ ತಂತಿಗೆ ಸುಮಾರು 50 ನ್ಯಾನೋಹೆನ್ರಿ ಇಂಡಕ್ಟೆನ್ಸ್, ಅಂದರೆ ಹರಿಯುವ ಕರೆಂಟನ್ನು ಥಟ್ಟನೆ ನಿಲ್ಲಲು ಬಿಡದ ಹಟ. 300 ಆಂಪಿಯರನ್ನು 100 ನ್ಯಾನೋಸೆಕೆಂಡಿನಲ್ಲಿ ನಿಲ್ಲಿಸಿದರೆ ಅದೊಂದೇ 150 ವೋಲ್ಟ್ ಎಬ್ಬಿಸುತ್ತದೆ. ಬ್ಯಾಟರಿಯ 96 ಸೇರಿದರೆ 246. ಸಿಟಿ ಬಸ್ಸಿನ ಡ್ರೈವರ್ ದಢಾರನೆ ಬ್ರೇಕ್ ಹಾಕಿದರೆ ನಿಂತವರೆಲ್ಲ ಮುಗ್ಗರಿಸಿ ಕಂಡಕ್ಟರ್ ಮೇಲೆ ಬೀಳುವುದಿಲ್ಲವೇ? ಇಲ್ಲಿಯೂ ಅಷ್ಟೇ. 200 ವೋಲ್ಟಿನ ಬಡಪಾಯಿ ಮಾಸ್ಫೆಟ್ ತಾನೇ ಏನು ಮಾಡೀತು?

ತಂತಿ ಕಿತ್ತೆಸೆದೆ. ಆ ಇಂಡಕ್ಟೆನ್ಸ್ ತಗ್ಗಲೆಂದು ಎರಡು ಅಗಲ ತಾಮ್ರದ ತಗಡು ತಂದು, ಒಬ್ಬಟ್ಟುಗಳ ನಡುವೆ ಬಾಳೆಲೆ ಇಡುವ ಹಾಗೆ ನಡುವೆ ತೆಳು ಇನ್ಸುಲೇಷನ್ ಹಾಳೆ ಇಟ್ಟು, ಒಂದರ ಮೇಲೊಂದು ಕೂರಿಸಿದೆ. ಕೆಪಾಸಿಟರ್‌ಗಳನ್ನು ಮಾಸ್ಫೆಟ್‌ಗಳ ಪಕ್ಕಕ್ಕೇ ತಂದೆ. ಮಾಸ್ಫೆಟ್ಟನ್ನು ಆನ್-ಆಫ್ ಮಾಡಿಸುವ ಕಾಲಿನ, ಅಂದರೆ ಗೇಟಿನ, ರೆಸಿಸ್ಟರ್ ಸ್ವಲ್ಪ ಹೆಚ್ಚಿಸಿ, ಆಫ್ ಆಗುವ ಆತುರ ತಗ್ಗಿಸಿದೆ. ಕಾಂಟ್ಯಾಕ್ಟರ್ ತಂದೆ, ಅಂಗೈಯಗಲದ ಕೆಂಪು ಗುಂಡಿ ಸಮೇತ. ಅಮ್ಮ ಆ ಗುಂಡಿಯನ್ನು ಎರಡು ಸಲ ಒತ್ತಿ ನೋಡಿ ಒಪ್ಪಿಗೆ ಕೊಟ್ಟರು.

ಮೊದಲ ಸವಾರಿ ಗಣಪತಿ ದೇವಸ್ಥಾನಕ್ಕೆ, ನಮ್ಮ ಮನೆಯಿಂದ ಒಂದೇ ಕಿಲೋಮೀಟರ್. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಾಯಿತು. ಹೆಂಡತಿ ನಡೆದೇ ಬರುತ್ತೇನೆ ಎಂದಳು. ಅಂಕಲ್ ಬಾಲ್ಕನಿಯಲ್ಲಿ ಕಿವಿಗೆ ಬೆರಳಿಟ್ಟುಕೊಂಡು ನಿಂತಿದ್ದರು. ನನ್ನ ಪಕ್ಕ ಕೂತ ಅಮ್ಮನ ಕಣ್ಣು ರಸ್ತೆಯ ಮೇಲಿರಲಿಲ್ಲ, ಡ್ಯಾಶ್‌ಬೋರ್ಡಿಗೆ ಕಟ್ಟಿದ್ದ ಜೀರೋ ಬಲ್ಬಿನ ಮೇಲಿತ್ತು. ಕೀಲಿ ತಿರುಗಿಸಿದೆ. ಬಲ್ಬು ಹತ್ತಿತು. ಮೆಲ್ಲಗೆ ಮಂಕಾಯಿತು.

'ಆರಿತಾ ಅಮ್ಮಾ?'

'ದೇವರ ಬಲ್ಬಿಗೆ ಆರಿತು ಅನ್ನಬಾರದು,' ಎಂದು ಬೈದು, ಇನ್ನೊಮ್ಮೆ ಬಗ್ಗಿ ನೋಡಿದರು. 'ಶಾಂತ ಆಯ್ತು ಕಣೋ. ಹೊರಡು.'