ಅಡುಗೆಮನೆಯ ಮೇಜಿನ ಮೇಲಿರುವ ಮತಪತ್ರ

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಬೆಟ್ಟಗಳ ತಪ್ಪಲಿನಲ್ಲಿ ನಾವಿರುವ ಸಣ್ಣ ಊರಿಗೆ ನಗರಸಭೆಯಿಲ್ಲ. ಬೆಂಕಿ ಆರಿಸುವ ಹೊಣೆ ಹೊತ್ತ ಒಂದು ಫೈರ್ ಡಿಸ್ಟ್ರಿಕ್ಟ್ ಇದೆ, ಅದಕ್ಕೆ ನಾವೇ ಚುನಾಯಿಸಿದ ಮಂಡಳಿಯಿದೆ. ಆಸ್ತಿಗಳ ಮೇಲೆ, ಅವಕ್ಕೆ ಸಿಗುವ ಪ್ರಯೋಜನಕ್ಕೆ ತಕ್ಕ ವಂತಿಗೆಯಾದ ವಾರ್ಷಿಕ ಅಸೆಸ್‌ಮೆಂಟ್ ವಿಧಿಸಲು ಒಪ್ಪಿಗೆ ಕೇಳಿ ಆ ಮಂಡಳಿ ಮಾಲೀಕರಿಗೆಲ್ಲ ಮತಪತ್ರ ಕಳುಹಿಸಿದೆ. ನಾನು ಒಪ್ಪಿಗೆಯ ಗುರುತು ಹಾಕಿದ್ದೇನೆ.

ತೀರ್ಥಹಳ್ಳಿಯ ಕಡೆ ನಾನು ಬೆಳೆಯುವಾಗ ಬಣವೆಗೆ ಬೆಂಕಿ ಬಿದ್ದರೆ ಮೊದಲು ಓಡಿ ಬರುತ್ತಿದ್ದವರು ಕೊಡಪಾನ ಹಿಡಿದ ನೆರೆಯವರು. ಆಮೇಲೆ ಬರುತ್ತಿದ್ದ ಅಗ್ನಿಶಾಮಕ ವಾಹನ ರಾಜ್ಯ ಸರ್ಕಾರದ್ದು, ಅದರ ಡೀಸೆಲ್ಲಿನ ಚಿಂತೆ ಊರಿನವರಿಗಿರಲಿಲ್ಲ. ಇಲ್ಲಿ ಆ ಚಿಂತೆಯೂ ಊರಿನದೇ.

ಕಳೆದ ತಿಂಗಳು ಇಲ್ಲಿನ ಅಗ್ನಿಶಾಮಕ ಠಾಣೆಗೆ ಹೋಗಿದ್ದೆ. ತಗಡಿನ ಶೆಡ್ಡು, ಬೆಂಕಿ ಆರಿಸುವ ಎರಡು ವಾಹನಗಳು, ಎಂದರೆ ಇಂಜಿನ್‌ಗಳು, ಗೋಡೆಯ ಗೂಟಗಳಲ್ಲಿ ಸಾಲಾಗಿ ನೇತುಹಾಕಿದ ದಪ್ಪ ಕೋಟುಗಳು. ಒಂದು ಕೋಟಿನ ಒಳಗಿನ ಚೀಟಿಯಲ್ಲಿ ತಯಾರಾದ ವರ್ಷ ಓದಿ ಲೆಕ್ಕ ಹಾಕಿದೆ: ಹನ್ನೆರಡು ವರ್ಷ. ಅಮೆರಿಕದ ಅಗ್ನಿಸುರಕ್ಷತಾ ಮಾನದಂಡದ ಪ್ರಕಾರ ಇಂಥ ಕೋಟನ್ನು 10 ವರ್ಷಕ್ಕೆ ಬಳಕೆಯಿಂದ ತೆಗೆಯಬೇಕು. ಅದನ್ನು ತೊಟ್ಟು ಹೊಗೆಯೊಳಗೆ ನುಗ್ಗುವವರು ಸಂಬಳವಿಲ್ಲದ ಸ್ವಯಂಸೇವಕರು, ಪೇಜರ್ ಕೂಗಿದರೆ ಊಟದ ತಟ್ಟೆ ಬಿಟ್ಟು ಏಳುವವರು. ಎರಡು ವರ್ಷದ ಹಿಂದೆ ನಮ್ಮ ಹಿತ್ತಲಿನ ಒಣಹುಲ್ಲಿಗೆ ಬೆಂಕಿ ತಗುಲಿದ ರಾತ್ರಿ ಬೇಲಿ ದಾಟಿ ಬಂದವರೂ ಅವರೇ.

ಹಣ ಏಕೆ ಸಾಲದು ಎಂಬುದಕ್ಕೆ ಮುಖ್ಯ ಕಾರಣ ಕ್ಯಾಲಿಫೋರ್ನಿಯಾದ ಮತದಾರರೇ ಮತ ಹಾಕಿ ತಂದ 1978ರ ಕಾನೂನು, ಪ್ರಾಪೊಸಿಷನ್ 13. ಆಸ್ತಿ ತೆರಿಗೆಯ ಮೂಲದರವನ್ನು ಅದು ತೆರಿಗೆಗಾಗಿ ನಿರ್ಧರಿಸಿದ ಮೌಲ್ಯದ ಶೇ. 1ಕ್ಕೆ ಕಟ್ಟಿಹಾಕಿತು; ಮಾಲೀಕರು ಬದಲಾಗದ, ಹೊಸ ಕಟ್ಟಡವೇಳದ ಆಸ್ತಿಯ ಆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಇಂಜಿನ್ನಿನ ಬೆಲೆಯಾಗಲಿ ವಿಮೆಯ ಕಂತಾಗಲಿ ಆ ಮಿತಿಗೆ ಕಾಯುವುದಿಲ್ಲ. ವಿಶೇಷ ತೆರಿಗೆಯೆಂದು ಮಂಡಳಿ ಮತದಾರರ ಮುಂದಿಟ್ಟರೆ ಮೂರನೇ ಎರಡರಷ್ಟು ಬಹುಮತ ಬೇಕು. ಉಳಿದ ದಾರಿ ಅಸೆಸ್‌ಮೆಂಟ್. ಅದಕ್ಕೆ ಮತದಾರರೇ ತಂದ ಇನ್ನೊಂದು ಕಾನೂನು, 1996ರ ಪ್ರಾಪೊಸಿಷನ್ 218, ಕಟ್ಟುನಿಟ್ಟಿನ ನಿಯಮ ಹಾಕಿದೆ. ಊರಿಗೆಲ್ಲ ಸಿಗುವ ಸಾಮಾನ್ಯ ಪ್ರಯೋಜನವನ್ನು ಕಳೆದು, ಆಯಾ ಆಸ್ತಿಗೆ ದೊರೆಯುವ ವಿಶೇಷ ಪ್ರಯೋಜನವೆಷ್ಟೆಂದು ಎಂಜಿನಿಯರ್ ವರದಿಯಲ್ಲಿ ತೋರಿಸಿ, ಅಷ್ಟಕ್ಕೆ ಮಾತ್ರ ಹಣ ಕೇಳಬಹುದು. ಮತಗಳಿಗೆ ಕಟ್ಟಬೇಕಾದ ಮೊತ್ತದ ತೂಕವಿರುತ್ತದೆ, ಎಂದರೆ ಹೆಚ್ಚು ಕಟ್ಟುವವರ ಮತ ಹೆಚ್ಚು ತೂಗುತ್ತದೆ. ಇದು ನನಗೆ ಹಿಡಿಸುವುದಿಲ್ಲ. ಆದರೂ ಆಸ್ತಿಯನ್ನು ಕಾಯಲು ಆಸ್ತಿಯೇ ಹಣ ಕೊಡಬೇಕೆಂಬ ತತ್ತ್ವ ನ್ಯಾಯವಾದದ್ದು, ಏಕೆಂದರೆ ನಾವು ಕಟ್ಟುವುದು ಬೆಂಕಿ ಬಿದ್ದ ದಿನದ ಕೂಲಿಯನ್ನಲ್ಲ, ಬೀಳದ ದಿನಗಳಲ್ಲೂ ಇಂಜಿನ್ ಸಿದ್ಧವಾಗಿರುವುದರ ಖರ್ಚನ್ನು.

ನಮ್ಮ ರಸ್ತೆಯ ಹಿರಿಯ ಮಹಿಳೆಯೊಬ್ಬರ ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಸುಲಭದ ಉತ್ತರವಿಲ್ಲ. ಆಸ್ತಿ ತೆರಿಗೆ ಮನೆ ಕೊಂಡಾಗಿನ ಬೆಲೆಯಿಂದ ಲೆಕ್ಕವಾಗುವುದರಿಂದ, ನಲವತ್ತು ವರ್ಷದ ಹಿಂದೆ ಮನೆ ಕೊಂಡ ಅವರ ತೆರಿಗೆ ನನ್ನದಕ್ಕಿಂತ ಎಷ್ಟೋ ಕಡಿಮೆ. ಅಸೆಸ್‌ಮೆಂಟ್ ಮಾತ್ರ ಮನೆ ಕೊಂಡ ಬೆಲೆಯನ್ನು ನೋಡದ ಕಾರಣ ಇಬ್ಬರಿಗೂ ಒಂದೇ ಮೊತ್ತ ಬಂದಿದೆ. ಪಿಂಚಣಿಯಲ್ಲಿ ಬದುಕುವವರಿಗೆ ಅದು ಭಾರವೇ. ಅವರಿಗೆ ರಿಯಾಯಿತಿ ಕೊಟ್ಟರೆ, ಬಿಟ್ಟ ಪಾಲನ್ನು ಬೇರೆ ಮಾಲೀಕರ ಮೇಲೆ ಹಾಕಲು ಕಾನೂನು ಬಿಡದು, ಬೇರೆ ಮೂಲದಿಂದ ತುಂಬಬೇಕು. ಠಾಣೆಯವರು ಹಣ ಕೂಡಿಸಲು ನಡೆಸುವ ಪ್ಯಾನ್‌ಕೇಕ್ ಉಪಾಹಾರದ ಹಣವನ್ನು ಇದಕ್ಕೇ ಮೀಸಲಿಡಬೇಕೆಂದು ಮಂಡಳಿಗೆ ಬರೆದಿದ್ದೇನೆ, ಸಭೆಯಲ್ಲೂ ಕೇಳುತ್ತೇನೆ.

ನಿಮ್ಮಲ್ಲಿ ಯಾರಿಗಾದರೂ ಇಂಥ ಲಕೋಟೆ ಬಂದಿದ್ದರೆ ದಯವಿಟ್ಟು ಜಾಹೀರಾತೆಂದು ಬಿಸಾಡಬೇಡಿ. ಮರಳಿ ಬಾರದ ಮತಪತ್ರ ಯಾವ ಕಡೆಗೂ ಲೆಕ್ಕವಾಗುವುದಿಲ್ಲ, ಸಹಿ ಮಾಡಿದ್ದು ಸಾರ್ವಜನಿಕ ವಿಚಾರಣೆ ಮುಗಿಯುವುದರೊಳಗೆ ಕೈಸೇರಬೇಕು. ನನ್ನದನ್ನು ಅಂಚೆಗೆ ಹಾಕದೆ, ಗುರುವಾರ ನಾನೇ ಒಯ್ದು ಕೊಡುತ್ತೇನೆ.